‘ಅಟ್ಯಾಕ್’ ಮತ್ತು ಹೆಬ್ಬಾಳದ ಕಲ್ಲು

ಬಿ.ಎ. ತರಗತಿಯ ಭಾಷಾಂತರದ ಉತ್ತರಗಳನ್ನು ತಿದ್ದುತ್ತ ಕುಳಿತಿದ್ದೆ. ‘ಅಟ್ಯಾಕ್’ ಎಂಬ ಇಂಗ್ಲಿಷ್ ಕ್ರಿಯಾಪದವಿದ್ದ ಮೂರು ವಾಕ್ಯಗಳನ್ನು ಕೊಟ್ಟಿದ್ದೆ. ಒಂದರಲ್ಲಿ ಚಿರತೆ ಹಸುವನ್ನು, ಇನ್ನೊಂದರಲ್ಲಿ ಹುಳು ಪೈರನ್ನು, ಮತ್ತೊಂದರಲ್ಲಿ ಭಾಷಣಕಾರನೊಬ್ಬ ಮಂತ್ರಿಯನ್ನು ‘ಅಟ್ಯಾಕ್’ ಮಾಡಿದ್ದರು. ತರಗತಿಯ ಬಹುಮಂದಿ ಮೂರಕ್ಕೂ ಒಂದೇ ಮದ್ದು ಅರೆದಿದ್ದರು: ‘ದಾಳಿ ನಡೆಸಿದರು’. ಒಬ್ಬ ವಿದ್ಯಾರ್ಥಿನಿ ಮಾತ್ರ ಹಸುವಿನ ಮೇಲೆ ಚಿರತೆ ಬಿತ್ತು, ಪೈರಿಗೆ ಹುಳ ಹತ್ತಿತು ಎಂದು ಬರೆದು, ಮೂರನೆಯದನ್ನು ಖಾಲಿ ಬಿಟ್ಟಿದ್ದಳು. ಹೆಚ್ಚು ಅಂಕ ಅವಳಿಗೇ ಕೊಟ್ಟೆ. ಖಾಲಿ ಬಿಟ್ಟದ್ದಕ್ಕೂ ಅರ್ಧ ಅಂಕ ಕೊಡಬೇಕೆನಿಸಿತು; ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

‘ಹುಳ ಹತ್ತಿತು’ ಎಂದಾಗ ಆ ಹುಡುಗಿ ತಾನರಿಯದೆಯೇ ಇಂಗ್ಲಿಷ್ ಪದದ ಬೇರನ್ನು ಮುಟ್ಟಿದ್ದಳು. ‘ಅಟ್ಯಾಕ್’ ಇಂಗ್ಲಿಷಿನ ಹುಟ್ಟು ಪದವಲ್ಲ. ಇಟಾಲಿಯನ್ ಭಾಷೆಯ ‘ಅಟ್ಟಾಕ್ಕಾರೆ’ಯಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಸುಮಾರು 1600ರ ಹೊತ್ತಿಗೆ ಇಂಗ್ಲಿಷನ್ನು ಸೇರಿತು. ಆ ಇಟಾಲಿಯನ್ ಪದಕ್ಕೆ ಅಂಟಿಸು, ಕೂಡಿಸು ಎಂಬ ಅರ್ಥವೂ ಉಂಟು. ಕಾಗದಕ್ಕೆ ಕಾಗದ ಲಗತ್ತಿಸುವ ‘ಅಟ್ಯಾಚ್’ ಇದರ ಒಡಹುಟ್ಟು. ಜಗಳ ಹತ್ತಿತು, ಬೆಂಕಿ ಹತ್ತಿತು ಎನ್ನುವ ನಮಗೆ ಈ ನಂಟು ವಿಚಿತ್ರವೆನಿಸಬೇಕಾಗಿಲ್ಲ. ‘ಅಸಾಲ್ಟ್’ ಎಂಬುದು ಬೇರೆ ಕುಲ. ಅದು ಲ್ಯಾಟಿನ್ನಿನ ‘ನೆಗೆ’ ಎಂಬ ಧಾತುವಿನಿಂದ ಬಂದದ್ದು, ಅಂದರೆ ನಮ್ಮ ‘ಮೈಮೇಲೆ ಎಗರು’.

ಇಂಗ್ಲಿಷಿನಲ್ಲಿ ‘ಅಟ್ಯಾಕ್’ ನೇರವಾಗಿ ಕರ್ಮವನ್ನು ಹಿಡಿಯುತ್ತದೆ. ಕನ್ನಡಕ್ಕೆ ನಡುವೆ ‘ಮೇಲೆ’ ಬೇಕು. ಮೇಲೆ ಬೀಳು, ಮೇಲೆ ಹೋಗು, ಏರಿ ಬರು, ಎರಗು, ಕವಿ, ಮುತ್ತು, ಲಗ್ಗೆಯಿಡು: ಇವುಗಳಲ್ಲಿ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಹದ್ದು ಎರಗುತ್ತದೆ, ಜೇನು ಮುತ್ತುತ್ತದೆ, ಲಗ್ಗೆ ಕೋಟೆಗೇ ಸರಿ. ಮುಖ್ಯವಾಗಿ, ಹೇಳುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ‘ಏರಿ ಹೋದರು’, ‘ಏರಿ ಬಂದರು’ ಎಂಬ ಒಂದು ಮಾತಿನ ಭೇದವೇ ಸಾರುತ್ತದೆ.

ಇದಕ್ಕೆ ನನ್ನ ಊರಿನಲ್ಲೇ ಒಂದು ಕಲ್ಲಿನ ಸಾಕ್ಷಿ ಇದೆ. 2018ರಲ್ಲಿ ಹೆಬ್ಬಾಳದ ಹಳೆಯ ಊರಿನಲ್ಲಿ ನೆಲ ಅಗೆಯುವಾಗ ವೀರಗಲ್ಲೊಂದು ಹೊರಬಿತ್ತು. ಈಗ ಅದಕ್ಕೊಂದು ಮಂಟಪವೂ ಆಗಿದೆ. ಲಿಪಿಯ ಆಧಾರದಿಂದ ಅದರ ಕಾಲ ಸುಮಾರು ಕ್ರಿ.ಶ. 750 ಎನ್ನುತ್ತಾರೆ, ಗಂಗರ ಶ್ರೀಪುರುಷನ ಆಳ್ವಿಕೆ. ಶಾಸನದ ಪೆರ್ಬೊಳಲ್ ನಾಡೇ ನಮ್ಮ ಹೆಬ್ಬಾಳ. ವೀರನೊಬ್ಬ ಊರಳಿವಿನಲ್ಲಿ, ಅಂದರೆ ಊರಿಗೆ ಒದಗಿದ ನಾಶದ ಹೊತ್ತಿನಲ್ಲಿ, ಕಾದಾಡಿ ಇಂದ್ರಲೋಕ ಸೇರಿದನೆಂಬುದು ಅದರ ಸಾರ. ಶತ್ರು ರಟ್ಟವಾಡಿ, ರಾಷ್ಟ್ರಕೂಟರ ಕಡೆಯವರೆಂದು ವಿದ್ವಾಂಸರು ಅರ್ಥ ಮಾಡುತ್ತಾರೆ.

ಈ ಶಾಸನದ ಸಾರಾಂಶ ಬರೆಯುವವರು ಸಾಮಾನ್ಯವಾಗಿ ‘ರಾಷ್ಟ್ರಕೂಟರು ದಾಳಿ ಮಾಡಿದಾಗ’ ಎನ್ನುತ್ತಾರೆ. ಕಲ್ಲಿನಲ್ಲಿರುವುದು ಅದಲ್ಲ. ರಟ್ಟವಾಡಿ ‘ಬಂದೊಡೆ’ ಎಂದಷ್ಟೇ ಇದೆ: ಬಂದರು, ಅಷ್ಟೆ. ಊರಿನೊಳಗೆ ನಿಂತವನಿಗೆ ದಂಡು ಬರುವುದೇ ದಾಳಿ; ಅದಕ್ಕೆ ಬೇರೆ ಕ್ರಿಯಾಪದ ಬೇಕಾಗಲಿಲ್ಲ. ‘ದಾಳಿ ಮಾಡಿದರು’ ಎನ್ನುವ ಸಾರಾಂಶಕಾರ ಬೆಟ್ಟದ ಮೇಲೆ ನಿಂತು ಎರಡೂ ಪಾಳೆಯಗಳನ್ನು ನೋಡುವವನು. ಅನುವಾದ ತಪ್ಪೆನ್ನಲಾರೆ, ಆದರೆ ಊರಿನವನ ಕಣ್ಣು ಅಲ್ಲಿ ಕಳೆದುಹೋಯಿತು. ಸುಮಾರು 890ರ ಬೇಗೂರು ಶಾಸನ ‘ಬೆಂಗಳೂರ ಕಾಳಗ’ ಎನ್ನುತ್ತದೆ. ಕಾಳಗಕ್ಕೆ ಎರಡು ಕಡೆ ಬೇಕು. ಬರುವುದಕ್ಕೆ ಒಂದು ಕಡೆ ಸಾಕು.

ಪತ್ರಿಕೆಗಳ ಕನ್ನಡದಲ್ಲಿ ಇದು ಬರಿಯ ಸೊಗಸಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ‘ಅಸಾಲ್ಟ್’ ಎಂದರೆ ನಾವು ಕಣ್ಣು ಮುಚ್ಚಿ ‘ಹಲ್ಲೆ’ ಎಂದು ಬರೆಯುತ್ತೇವೆ. ಕಾನೂನಿನಲ್ಲಿ ಆ ಪದಕ್ಕೆ ಏಟು ಬೀಳಲೇಬೇಕೆಂದಿಲ್ಲ. ಹಳೆಯ ದಂಡ ಸಂಹಿತೆಯ 351ನೆಯ ಕಲಮಿನಂತೆಯೂ, 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 130ನೆಯ ಕಲಮಿನಂತೆಯೂ, ಇನ್ನೇನು ಬಲಪ್ರಯೋಗವಾಗುತ್ತದೆಂಬ ಅಂಜಿಕೆ ಎದುರಿನವನಿಗೆ ಹುಟ್ಟಬೇಕೆಂದು ಕೈಯೆತ್ತಿದರೂ ಅಪರಾಧವೇ. ಆದರೆ ‘ಹಲ್ಲೆ’ ಎಂದು ಓದಿದ ಗೃಹಸ್ಥನ ಕಣ್ಣಿಗೆ ರಕ್ತವೇ ಕಾಣುತ್ತದೆ. ಕೈಯೆತ್ತಿದವನೂ ಕೈ ಮುರಿದವನೂ ಒಂದೇ ಶೀರ್ಷಿಕೆಯಲ್ಲಿ ಬಂದರೆ ಒಬ್ಬನಿಗಾದರೂ ಅನ್ಯಾಯವಾಗುತ್ತದೆ. ಇನ್ನು ‘ಆಕ್ರಮಿಸು’. ಕನ್ನಡದಲ್ಲಿ ಅದು ಬಂದು ಹೊಡೆದು ಹೋಗುವುದಲ್ಲ, ಬಂದು ಕೂತುಬಿಡುವುದು. ಕೆರೆಯಂಗಳದ ಅಕ್ಕಪಕ್ಕದಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ!

‘ವಾಗ್ದಾಳಿ’ಯ ವಿಷಯದಲ್ಲಿ ನನಗೆ ಸಹನೆ ಕಡಮೆ. ಸದನದಲ್ಲಿ ಒಬ್ಬರು ಲೆಕ್ಕದ ತಪ್ಪು ತೋರಿಸುತ್ತಾರೆ, ಇನ್ನೊಬ್ಬರು ಬೈಯುತ್ತಾರೆ. ಮರುದಿನ ಎರಡೂ ವಾಗ್ದಾಳಿ. ಲೆಕ್ಕ ಎಲ್ಲಿ ತಪ್ಪಿತ್ತೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ. ವಿಮರ್ಶಕರಾದ ನಾವೂ ಶುದ್ಧರಲ್ಲ. ಕವಿಯೊಬ್ಬರ ಛಂದಸ್ಸನ್ನು ಕುರಿತು ನಾನೇ ಒಮ್ಮೆ ಬರೆದಾಗ, ಮಿತ್ರರು ‘ಚೆನ್ನಾಗಿ ಅಟ್ಯಾಕ್ ಮಾಡಿದಿರಿ’ ಎಂದು ಬೆನ್ನು ತಟ್ಟಿದರು. ನಾನು ಬರೆದದ್ದು ಎರಡು ಸಾಲುಗಳಲ್ಲಿ ಮಾತ್ರೆ ಹೆಚ್ಚಾಗಿದೆ ಎಂದಷ್ಟೇ. ಆದರೂ ಆಗ ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಉತ್ತರ ಪತ್ರಿಕೆ ಹಿಂತಿರುಗಿಸುವಾಗ ಮೂರನೆಯ ವಾಕ್ಯ ಏಕೆ ಬರೆಯಲಿಲ್ಲವೆಂದು ಆ ಹುಡುಗಿಯನ್ನು ಕೇಳಿದೆ. ‘ಆತ ಮಂತ್ರಿಯನ್ನು ಬೈದನೋ, ತಪ್ಪು ತೋರಿಸಿದನೋ ಇಂಗ್ಲಿಷಿನಲ್ಲಿ ಹೇಳಿಲ್ಲವಲ್ಲ ಸಾರ್’ ಎಂದಳು.