ಕೋಗಿಲೆಯ ಮೊಟ್ಟೆ: ಕ್ಲಿಫರ್ಡ್ ಸ್ಟೋಲರ ಮೂರು ಗ್ರಂಥಗಳು

ಕೋಗಿಲೆಗೆ ಸಂಸ್ಕೃತದಲ್ಲಿ ‘ಪರಭೃತ’ವೆಂಬ ಹೆಸರೊಂದುಂಟು. ಪರರಿಂದ ಪೋಷಣೆ ಪಡೆದುದು ಎಂದು ಅದರ ಅರ್ಥ. ಕಾಗೆಯ ಗೂಡಿನಲ್ಲಿ ಮೊಟ್ಟೆಯನ್ನಿಟ್ಟು, ಮರಿಯನ್ನು ಸಾಕುವ ಭಾರವನ್ನು ಕಾಗೆಯ ತಲೆಗೇ ಕಟ್ಟುವ ಈ ಹಕ್ಕಿಯ ನಡತೆಯನ್ನು ಶಾಕುಂತಲದ ಐದನೆಯ ಅಂಕದಲ್ಲಿ ದುಷ್ಯಂತನು ಎತ್ತಿ ಆಡುತ್ತಾನೆ. ಉಳಿದಂತೆ ನಮ್ಮ ಕವಿಗಳು ಹೆಚ್ಚಾಗಿ ಅದರ ಕಂಠಮಾಧುರ್ಯಕ್ಕೆ ಮರುಳಾಗಿ ದೋಷವನ್ನು ಮನ್ನಿಸಿಬಿಟ್ಟಿದ್ದಾರೆ. ಅಮೆರಿಕದ ಖಗೋಳವಿಜ್ಞಾನಿ ಕ್ಲಿಫರ್ಡ್ ಸ್ಟೋಲ್ ಅವರಾದರೋ ಆ ದೋಷವನ್ನೇ ತಮ್ಮ ಗ್ರಂಥಕ್ಕೆ ಹೆಸರಾಗಿಟ್ಟರು. 1989ರಲ್ಲಿ ಪ್ರಕಟವಾದ ‘ದಿ ಕುಕೂಸ್ ಎಗ್’, ಅಂದರೆ ‘ಕೋಗಿಲೆಯ ಮೊಟ್ಟೆ’, ಪರರ ಕಂಪ್ಯೂಟರಿನೊಳಗೆ ನುಸುಳಿದ ಕಳ್ಳನೊಬ್ಬನ ಜಾಡು ಹಿಡಿದ ಸತ್ಯಕಥೆ. ತರುವಾಯ 1995ರಲ್ಲಿ ‘ಸಿಲಿಕಾನ್ ಸ್ನೇಕ್ ಆಯಿಲ್’, 1999ರಲ್ಲಿ ‘ಹೈಟೆಕ್ ಹೆರೆಟಿಕ್’ ಎಂಬ ಎರಡು ಗ್ರಂಥಗಳನ್ನೂ ಅವರು ಬರೆದರು. ಮೊದಲನೆಯದರ ವಿಷಯ ಕಂಪ್ಯೂಟರಿನ ಕಾವಲು. ಎರಡನೆಯದರದು ಇಂಟರ್ನೆಟ್ಟಿನ ಜೀವನಕ್ರಮ. ಮೂರನೆಯದರದು ತರಗತಿಯಲ್ಲಿ ಕಂಪ್ಯೂಟರಿಗೆ ಸ್ಥಾನವಿದೆಯೇ ಎಂಬ ಪ್ರಶ್ನೆ.

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಯಂತ್ರಗಳ ಮಾತೇಕೆ ಎಂದು ಕೆಲವು ವಾಚಕರಿಗೆ ತೋರಬಹುದು. ವಿಮರ್ಶೆಯೆಂಬುದು ಕಾವ್ಯನಾಟಕಗಳಿಗೆ ಮಾತ್ರ ಸಲ್ಲತಕ್ಕದ್ದೆಂದು ನಾನು ತಿಳಿದವನಲ್ಲ. ತಂತ್ರಜ್ಞಾನದ ವಿಷಯದಲ್ಲಿ ಅಭಿಪ್ರಾಯ ಹೇಳುವವರು ಇಂದು ಊರಿಗೆ ನೂರು ಮಂದಿ. ಅವುಗಳಲ್ಲಿ ಯಾವ ಅಭಿಪ್ರಾಯ ನಿಲ್ಲುತ್ತದೆ, ಯಾವುದು ಬೀಳುತ್ತದೆ, ಏತಕ್ಕೆ ಎಂಬುದನ್ನು ತೂಗಿ ನೋಡುವ ಕೆಲಸವೂ ವಿಮರ್ಶಕನದೇ. ಒಬ್ಬನೇ ಗ್ರಂಥಕರ್ತನು ಒಂದೆಡೆ ಗೆದ್ದು ಇನ್ನೊಂದೆಡೆ ಸೋತಿರುವಲ್ಲಿ ಈ ತೂಕ ಸುಲಭವಾಗುತ್ತದೆ. ಆದುದರಿಂದ ಸ್ಟೋಲರನ್ನು ಆರಿಸಿಕೊಂಡಿದ್ದೇನೆ.

ಮೊದಲನೆಯ ಗ್ರಂಥದ ಕಥೆ ಇಷ್ಟು. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ದೂರದರ್ಶಕದ ವಿನ್ಯಾಸದಲ್ಲಿ ತೊಡಗಿದ್ದ ಸ್ಟೋಲರನ್ನು, ಆ ಕೆಲಸದ ಧನಸಹಾಯ ಮುಗಿಯಿತೆಂದು, ಕಂಪ್ಯೂಟರ್ ವಿಭಾಗಕ್ಕೆ ಕಳುಹಿಸಿದರು. 1986ರಲ್ಲಿ ಅಲ್ಲಿನ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸ ಕಂಡುಬಂದಿತು. ಯಾರೋ ಕೆಲವು ಕ್ಷಣ ಯಂತ್ರವನ್ನು ಬಳಸಿ ಹಣ ತೆತ್ತಿರಲಿಲ್ಲ. ಇನ್ನೊಬ್ಬರಾಗಿದ್ದರೆ ಆ ಚಿಲ್ಲರೆಯನ್ನು ಜೇಬಿನಿಂದ ಹಾಕಿ ಲೆಕ್ಕ ಮುಗಿಸುತ್ತಿದ್ದರು. ಸ್ಟೋಲರು ಮುಗಿಸಲಿಲ್ಲ. ಹಾಜರಿ ಪುಸ್ತಕದ ಕೂಡಿಕೆ ಒಂದು ತಪ್ಪಿದರೆ ರಾತ್ರಿ ನಿದ್ದೆ ಬಾರದ ಹಳೆಯ ಹೆಡ್ ಮಾಸ್ಟರರನ್ನು ಬಲ್ಲವರಿಗೆ ಈ ಸ್ವಭಾವ ಅಪರಿಚಿತವಲ್ಲ.

ಕಳ್ಳನ ಉಪಾಯವೇ ಗ್ರಂಥದ ಹೆಸರಿಗೆ ಮೂಲ. ಅಂಚೆಯ ಕಡತಗಳನ್ನು ಸಾಗಿಸುವ ಒಂದು ಪ್ರೋಗ್ರಾಮಿಗೆ ಅಗತ್ಯಕ್ಕಿಂತ ಹೆಚ್ಚಿನ ಅಧಿಕಾರವನ್ನು ಕೊಡಲಾಗಿತ್ತು. ಅದು ಯಾವ ಕಡತವನ್ನು ಎಲ್ಲಿಗೆ ಬೇಕಾದರೂ ಒಯ್ಯಬಲ್ಲುದಾಗಿತ್ತು. ಐದು ನಿಮಿಷಕ್ಕೊಮ್ಮೆ ತಾನಾಗಿ ನಡೆಯುವ ಇನ್ನೊಂದು ಪ್ರೋಗ್ರಾಮಿನ ಸ್ಥಾನದಲ್ಲಿ ಕಳ್ಳನು ಅದರ ಮೂಲಕ ತನ್ನದೊಂದನ್ನು ಇರಿಸುತ್ತಿದ್ದನು. ಯಂತ್ರವು ಅದನ್ನು ತನ್ನದೇ ಎಂದು ನಂಬಿ ಮರಿಮಾಡುತ್ತಿತ್ತು. ಯಂತ್ರದ ಸರ್ವಾಧಿಕಾರವೂ ಆ ಗಳಿಗೆಯಲ್ಲಿ ಅವನ ಕೈಸೇರುತ್ತಿತ್ತು. ಕೆಲಸ ಮುಗಿದೊಡನೆ ಅವನು ಹಳೆಯದನ್ನೇ ಅಲ್ಲಿಟ್ಟು ಗುರುತು ಅಳಿಸುತ್ತಿದ್ದನು.

ಸ್ಟೋಲರು ಬಾಗಿಲು ಮುಚ್ಚಿ ಕಳ್ಳನನ್ನು ಅಟ್ಟಲಿಲ್ಲ. ಒಂದು ವಾರಾಂತ್ಯದಲ್ಲಿ ಸಹೋದ್ಯೋಗಿಗಳ ಮೇಜುಗಳ ಮೇಲಿದ್ದ ಯಂತ್ರಗಳನ್ನು ಎರವಲು ತಂದು ಹೊರಗಿನ ದೂರವಾಣಿ ತಂತಿಗಳಿಗೆಲ್ಲ ಜೋಡಿಸಿ, ಅವನು ಒತ್ತಿದ ಅಕ್ಷರಗಳೆಲ್ಲ ಕಾಗದದ ಮೇಲೆ ಮೂಡುವಂತೆ ಮಾಡಿದರು. ನಕ್ಷತ್ರವನ್ನು ನೋಡುವವನು ದಿನಚರಿ ಬರೆಯುವಂತೆ ದಿನ, ಗಂಟೆ, ನಿಮಿಷಗಳನ್ನು ಬರೆದಿಟ್ಟರು. ಕಳುಹಿಸಿದ ಸಂಕೇತಕ್ಕೆ ಉತ್ತರ ಮರಳಿ ಬರುವ ಕಾಲವನ್ನು ಅಳೆದು ಕಳ್ಳನಿರುವ ದೂರವನ್ನು ಊಹಿಸಲು ಯತ್ನಿಸಿದರು. ನಷ್ಟ ಅಲ್ಪವೆಂದು ಪೋಲೀಸು ಇಲಾಖೆಗಳು ಮೊದಮೊದಲು ಕಿವಿಗೊಡಲಿಲ್ಲ. ಕಡೆಗೆ ಕಳ್ಳನನ್ನು ಹೆಚ್ಚು ಹೊತ್ತು ತಡೆದಿಡಲು ಸುಳ್ಳು ರಕ್ಷಣಾ ಕಡತಗಳನ್ನು ಹೆಣೆದು ಎದುರಿಗಿಟ್ಟರು. ಅವನು ಅವುಗಳನ್ನು ಓದುತ್ತ ಕುಳಿತಿದ್ದಾಗ ಜರ್ಮನಿಯ ಹ್ಯಾನೋವರಿನವರೆಗೆ ತಂತಿಯ ಜಾಡು ಸಿಕ್ಕಿತು. ಅವನು ಮಾರ್ಕುಸ್ ಹೆಸ್ ಎಂಬ ತರುಣ. ಕದ್ದ ಸಂಗತಿಗಳನ್ನು ಸೋವಿಯತ್ ಗೂಢಚಾರ ಸಂಸ್ಥೆಯಾದ ಕೆಜಿಬಿಗೆ ಮಾರುತ್ತಿದ್ದ ಗುಂಪಿಗೆ ಸೇರಿದವನು. 1990ರಲ್ಲಿ ಜರ್ಮನಿಯ ನ್ಯಾಯಾಲಯದಲ್ಲಿ ಅವನ ಅಪರಾಧ ಸಿದ್ಧವಾಯಿತು.

ಈ ಗ್ರಂಥಕ್ಕೆ ದೋಷಗಳಿಲ್ಲವೆಂದಲ್ಲ. ಮನೆಯ ಊಟ, ಗೆಳತಿಯೊಡನೆ ಸರಸ, ಬಿಸ್ಕತ್ತು ಮಾಡುವ ಕ್ರಮ, ಇವೆಲ್ಲ ನಡುನಡುವೆ ಬಂದು ಗ್ರಂಥಕರ್ತರ ಆತ್ಮಪ್ರದರ್ಶನದ ಚಪಲವನ್ನು ತೋರಿಸುತ್ತವೆ. ಕಳ್ಳನ ಮನಸ್ಸು ನಮಗೆ ತೆರೆಯುವುದೇ ಇಲ್ಲ. ಆದರೆ ಈ ಕೊರತೆಯು ಪ್ರಾಮಾಣಿಕತೆಯ ಫಲ. ಸ್ಟೋಲರಿಗೆ ಕಂಡದ್ದು ಅವನು ಒತ್ತಿದ ಅಕ್ಷರಗಳು ಮಾತ್ರ, ಕಾಣದುದನ್ನು ಅವರು ಕಟ್ಟಿ ಹೇಳಲಿಲ್ಲ. ಆ ಕಳ್ಳನು ಸುಮಾರು 450 ಕಂಪ್ಯೂಟರುಗಳ ಬಾಗಿಲು ತಟ್ಟಿ 30ಕ್ಕೂ ಮಿಕ್ಕಿದವುಗಳೊಳಗೆ ಹೊಕ್ಕನೆಂದು ಅವರು ಲೆಕ್ಕ ಕೊಟ್ಟಿದ್ದಾರೆ. ಬಹಳ ಕಡೆ ಒಳಹೋಗಲು ಅಸಾಧಾರಣ ಬುದ್ಧಿಯೇನೂ ಬೇಕಾಗಲಿಲ್ಲ. ಯಂತ್ರವು ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ, ಅಷ್ಟೆ. ರಹಸ್ಯ ಕೆಲಸ ಮಾಡುವವರ ಯಂತ್ರಗಳಲ್ಲಿಯೂ ಸ್ಥಿತಿ ಹೀಗಿತ್ತು. ಅಭ್ಯಾಸಬಲದಿಂದ ತೆರೆದೇ ಇದ್ದ ಬಾಗಿಲಿನಿಂದ ಕಳ್ಳ ಬರುತ್ತಾನೆಂಬುದು ಗ್ರಂಥದ ಸಾರ. ಇದು ಇಂದಿಗೂ ಹಳೆಯದಾಗಿಲ್ಲ.

ಎರಡನೆಯ ಗ್ರಂಥಕ್ಕೆ ಬರೋಣ. ಸರ್ವರೋಗಕ್ಕೂ ಒಂದೇ ಮದ್ದೆಂದು ಸಂತೆಯಲ್ಲಿ ಮಾರುವ ಹುಸಿ ಎಣ್ಣೆಗೆ ಅಮೆರಿಕದಲ್ಲಿ ಹಾವಿನ ಎಣ್ಣೆಯೆಂದು ಹೆಸರು. ಇಂಟರ್ನೆಟ್ಟಿನ ಬಗ್ಗೆ ಅಂದು ಎದ್ದಿದ್ದ ಜಯಘೋಷವೆಲ್ಲ ಅಂಥ ಎಣ್ಣೆಯೆಂದು ಸ್ಟೋಲರ ವಾದ. ಅದೇ 1995ರ ಫೆಬ್ರವರಿಯಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯಲ್ಲಿಯೂ ಅವರು ಇದನ್ನೇ ಸಂಗ್ರಹಿಸಿ ಬರೆದರು. ಪುಸ್ತಕ ಮತ್ತು ಪತ್ರಿಕೆಗಳನ್ನು ಜನ ಇಂಟರ್ನೆಟ್ಟಿನಲ್ಲಿ ಕೊಳ್ಳುವರೆಂಬ ಮಾತನ್ನು ನಕ್ಕು ತಳ್ಳಿದರು. ದಿನಪತ್ರಿಕೆಯ ಸ್ಥಾನವನ್ನಾಗಲಿ ಸಮರ್ಥ ಅಧ್ಯಾಪಕನ ಸ್ಥಾನವನ್ನಾಗಲಿ ಯಂತ್ರವು ತುಂಬಲಾರದೆಂದರು. ಟ್ರಫಾಲ್ಗರ್ ಕದನದ ತಾರೀಕನ್ನು ಹುಡುಕಲು ಹೋಗಿ ನೂರಾರು ಕಡತಗಳ ನಡುವೆ ಕಾಲು ಗಂಟೆ ಕಳೆದರೂ ಉತ್ತರ ದೊರೆಯಲಿಲ್ಲವೆಂದು ದೃಷ್ಟಾಂತ ಕೊಟ್ಟರು.

ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದೇ ಆ ವರ್ಷದ ಆಗಸ್ಟ್ 15ರಂದು. ಇಂದು ನನ್ನ ಒಂಬತ್ತನೆಯ ತರಗತಿಯ ಹುಡುಗನು ಕಣ್ಣು ಮಿಟುಕಿಸುವುದರೊಳಗೆ 1805ರ ಅಕ್ಟೋಬರ್ 21 ಎಂದು ಆ ತಾರೀಕನ್ನು ತೋರಿಸುತ್ತಾನೆ. ಸ್ಟೋಲರ ಭವಿಷ್ಯ ಸುಳ್ಳಾಯಿತು. 2010ರಲ್ಲಿ ಅವರೇ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು. ಇದು ಅವರ ದೊಡ್ಡತನ. ಅಷ್ಟೇ ಅಲ್ಲ, ಗಣಿತಜ್ಞರಿಗೆ ಪ್ರಿಯವಾದ ಕ್ಲೈನ್ ಬಾಟಲಿಯ ಗಾಜಿನ ಮಾದರಿಗಳನ್ನು ಅವರು ಇಂಟರ್ನೆಟ್ಟಿನ ಮೂಲಕವೇ ಮಾರತೊಡಗಿದರು.

ಅದೇ ಕಣ್ಣು, ಅದೇ ಬುದ್ಧಿ. ಮೊದಲಲ್ಲಿ ಗೆದ್ದದ್ದು ಇಲ್ಲಿ ಏಕೆ ಎಡವಿತು? ನನಗೆ ಎರಡು ಕಾರಣಗಳು ತೋರುತ್ತವೆ. ಮೊದಲ ಗ್ರಂಥದಲ್ಲಿ ಅವರು ಕಂಡದ್ದನ್ನು ಬರೆದರು. ಎರಡನೆಯದರಲ್ಲಿ ಒಂದು ವರ್ಷದ ಯಂತ್ರದ ಬಡತನವನ್ನು ಕಂಡು ಅದೇ ಅದರ ಹಣೆಬರಹವೆಂದು ತೀರ್ಪಿತ್ತರು. ಅಂಬೆಗಾಲಿಡುವ ಮಗುವನ್ನು ನೋಡಿ ಇದು ಎಂದಿಗೂ ನಡೆಯದು ಎಂದಂತಾಯಿತು. ಎರಡನೆಯ ಕಾರಣವು ನಮಗೆ ಹೆಚ್ಚು ಹತ್ತಿರದ್ದು. ಸ್ಟೋಲರ ಮನೆ ಇದ್ದದ್ದು ದೊಡ್ಡ ವಿಶ್ವವಿದ್ಯಾನಿಲಯದ ಆಸುಪಾಸಿನಲ್ಲಿ. ಒಳ್ಳೆಯ ಗ್ರಂಥಾಲಯಗಳು ಅಲ್ಲಿ ಕೈಗೆ ಎಟಕುವಂತಿದ್ದವು. ಬಾವಿಯ ಕಟ್ಟೆಯ ಮೇಲೆ ಕುಳಿತವನಿಗೆ ನೀರು ಹೊತ್ತು ತರುವವರ ದಣಿವು ತಿಳಿಯದು. ಕಾಸರಗೋಡಿನ ಒಳನಾಡಿನಲ್ಲಿ ಅಧ್ಯಾಪಕನಾಗಿದ್ದ ನನಗೆ ಒಂದು ಹಳೆಯ ಕನ್ನಡ ಗ್ರಂಥ ಬೇಕಾದರೆ ಮಂಗಳೂರಿಗೋ ಮೈಸೂರಿಗೋ ಹೋಗಿಬರುವ ದಿನಗಳಿದ್ದವು. ಇಂದು ಇಂಟರ್ನೆಟ್ ಆರ್ಕೈವಿನಲ್ಲಿ ಅಂಥ ಎಷ್ಟೋ ಗ್ರಂಥಗಳ ಪುಟಗಳು ಛಾಯಾರೂಪದಲ್ಲಿ ದೊರೆಯುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ನಮ್ಮ ಮಕ್ಕಳೂ ತೆರೆದು ನೋಡುತ್ತಾರೆ. ಕೇಂದ್ರದಲ್ಲಿದ್ದವರಿಗೆ ಇಂಟರ್ನೆಟ್ ಇನ್ನೊಂದು ಅನುಕೂಲ ಮಾತ್ರವಾಗಿರಬಹುದು. ಅಂಚಿನಲ್ಲಿರುವವರಿಗೆ ಇದು ಅನ್ನದ ಪ್ರಶ್ನೆ. ಸ್ಟೋಲರ ತಕ್ಕಡಿಯಲ್ಲಿ ಈ ತೂಕ ಬೀಳಲೇ ಇಲ್ಲ.

ಇಷ್ಟಾದರೂ ಅವರ ಟ್ರಫಾಲ್ಗರ್ ದೃಷ್ಟಾಂತವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹುಡುಕುವುದು ತಡವೆಂಬ ದೂರು ಅದರ ಹೊರಮೈ. ಯಾರು ಬರೆದರು, ಯಾರು ತಿದ್ದಿದರು ಎಂಬುದು ತಿಳಿಯದ ಮಾತಿನ ರಾಶಿಯನ್ನು ಜ್ಞಾನವೆನ್ನಬಹುದೇ ಎಂಬುದು ಅದರ ತಿರುಳು. ವೇಗ ಹೆಚ್ಚಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಇಂದಿನ ಕೃತಕ ಬುದ್ಧಿಯ ಯಂತ್ರಗಳು ಸರಿಯುತ್ತರವನ್ನೂ ತಪ್ಪುತ್ತರವನ್ನೂ ಒಂದೇ ಧೈರ್ಯದಿಂದ ಹೇಳುತ್ತವೆ.

ಮೂರನೆಯ ಗ್ರಂಥ ನೇರವಾಗಿ ನಮ್ಮ ವೃತ್ತಿಯನ್ನು ಕುರಿತದ್ದು. ತರಗತಿಯಲ್ಲಿ ಕಂಪ್ಯೂಟರಿಗೆ ಸ್ಥಾನವಿಲ್ಲ; ಕಲಿಕೆಯೆಂದರೆ ಶ್ರಮ, ಅದನ್ನು ಆಟವೆಂದು ತೋರಿಸುವುದು ಮೋಸ; ಯಂತ್ರಕ್ಕೆ ಸುರಿಯುವ ಹಣ ಗ್ರಂಥಾಲಯಕ್ಕೂ ಅಧ್ಯಾಪಕರಿಗೂ ಸಲ್ಲಬೇಕು ಎಂದು ಸ್ಟೋಲರು ಇಲ್ಲಿ ವಾದಿಸುತ್ತಾರೆ. ಮೊದಲನೆಯ ಮಾತನ್ನು ನಾನು ಒಪ್ಪಲಾರೆ. ಕೇರಳದಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಆರಂಭವಾಯಿತು. ಅಂದಿನಿಂದ ಬಡವರ ಮನೆಯ ಮಕ್ಕಳೂ ಕಂಪ್ಯೂಟರಿನ ಮುಂದೆ ಅಂಜಿಕೆಯಿಲ್ಲದೆ ಕುಳಿತುದನ್ನು ಕಂಡಿದ್ದೇನೆ. ಸಾಂಕ್ರಾಮಿಕದ ಕಾಲದಲ್ಲಿ, 2020ರ ಜೂನ್ 1ರಂದು ‘ಫಸ್ಟ್ ಬೆಲ್’ ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಮೊದಲಾದವು; ಕನ್ನಡ ಮಾಧ್ಯಮದ ಪಾಠಗಳೂ ದೊರೆತವು. ಶಾಲೆಯ ಬಾಗಿಲು ಮುಚ್ಚಿದ್ದಾಗ ಅಷ್ಟಾದರೂ ಇದ್ದದ್ದು ಪುಣ್ಯ.

ಉಳಿದ ವಾದ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಶಾಲೆ ಮತ್ತೆ ತೆರೆದಾಗ, ಆ ಪಾಠಗಳನ್ನೆಲ್ಲ ನೋಡಿದ್ದ ಒಬ್ಬ ಹುಡುಗಿಗೆ ಒಂದು ಪುಟವನ್ನು ಓದಿಸಿದೆ. ಒತ್ತಕ್ಷರ ಬಂದಲ್ಲೆಲ್ಲ ಅವಳು ನಿಲ್ಲುತ್ತಿದ್ದಳು. ಎಲ್ಲಿ ನಿಲ್ಲುತ್ತಾಳೆಂಬುದು ವಾಹಿನಿಗೆ ಕಂಡಿರಲಿಲ್ಲ, ಕಾಣುವಂತೆಯೂ ಇರಲಿಲ್ಲ. ನಾನು ಬಲ್ಲ ಇನ್ನೊಂದು ಗಡಿಶಾಲೆಯಲ್ಲಿ ಕನ್ನಡ ಅಧ್ಯಾಪಕರ ಹುದ್ದೆ ಬಹುಕಾಲ ಖಾಲಿ ಬಿದ್ದಿತ್ತು. ಅದೇ ಕೋಣೆಯ ಗೋಡೆಗೆ ಹೊಸ ಪ್ರೊಜೆಕ್ಟರು ಬಂದಿತ್ತು. ಯಂತ್ರ ಕೊಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಭಾಷೆ ಉಳಿಯುವುದು ಅದನ್ನು ಆಡುವ ಬಾಯಿಯಿಂದ ಕೇಳುವ ಕಿವಿಗೆ ದಾಟಿದಾಗ. ಅಧ್ಯಾಪಕನ ಜೊತೆಗೆ ಬಂದ ಯಂತ್ರವನ್ನು ಸ್ವಾಗತಿಸೋಣ. ಅಧ್ಯಾಪಕನ ಬದಲಿಗೆ ಬಂದುದಾದರೆ ಅದು ಕೋಗಿಲೆಯ ಮೊಟ್ಟೆಯೇ. ಗೂಡು ತುಂಬಿದಂತೆ ಕಾಣುತ್ತದೆ, ಮರಿ ಮಾತ್ರ ನಮ್ಮದಾಗಿರುವುದಿಲ್ಲ.

ಸ್ಟೋಲರ ಮೊದಲ ಗ್ರಂಥವನ್ನು ಓದಿ ಮುಗಿಸಿದ ಮರುದಿನ ನನ್ನ ಕಚೇರಿಯ ಕಂಪ್ಯೂಟರನ್ನು ಹೊಸ ಕಣ್ಣಿನಿಂದ ನೋಡಿದೆ. ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿತ್ತು. ಅದರಲ್ಲಿ ಪಾಸ್‌ವರ್ಡು, ಬರೆದವನು ನಾನೇ. ಮಕ್ಕಳ ಹೆಸರು, ಜನ್ಮದಿನ, ತಂದೆತಾಯಂದಿರ ಫೋನು ಸಂಖ್ಯೆಗಳೆಲ್ಲ ಆ ಚೀಟಿಯ ಹಿಂದೆ ಇದ್ದವು. ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು ಬ್ಯಾಂಕಿನವರೆಂದು ಹೇಳಿಕೊಂಡವರಿಗೆ ಫೋನಿನಲ್ಲಿ ಓಟಿಪಿಯನ್ನು ಓದಿ ಹೇಳಿ ಹಣ ಕಳೆದುಕೊಂಡರು. ಬುದ್ಧಿವಂತರು, ನಲವತ್ತು ವರ್ಷ ಗಣಿತ ಕಲಿಸಿದವರು. ಎಚ್ಚರಿಕೆಯ ಸಂದೇಶ ಅವರ ಫೋನಿಗೂ ಬಂದಿತ್ತು, ಇಂಗ್ಲಿಷಿನಲ್ಲಿ. “ಅರ್ಥವಾಗದ ಕಾಗದಕ್ಕೆ ರುಜು ಹಾಕಿ ರೂಢಿಯಾಗಿದೆ ಮಾಷ್ಟ್ರೇ, ಇದೂ ಹಾಗೇ ಎಂದುಕೊಂಡೆ” ಎಂದು ಅವರು ಹೇಳಿದರು. ಈ ಮಾತು ನನ್ನನ್ನು ಬಹಳ ಕಾಲ ಕಾಡಿದೆ. ಗಡಿನಾಡಿನವರಾದ ನಾವು ನಮ್ಮದಲ್ಲದ ಭಾಷೆಯ ಅರ್ಜಿ, ಆಜ್ಞೆ, ರಶೀದಿಗಳ ನಡುವೆ ಬಾಳುವವರು. ಅರ್ಧ ತಿಳಿದು ತಲೆಯಾಡಿಸುವುದು ನಮಗೆ ಅಭ್ಯಾಸ. ಬದಲಿಸದೆ ಬಿಟ್ಟ ಪಾಸ್‌ವರ್ಡಿನಂತೆ ನಮ್ಮಲ್ಲಿ ತೆರೆದೇ ಇರುವ ಬಾಗಿಲು ಅದು.

ಆದುದರಿಂದ ಸಹೋದ್ಯೋಗಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಸ್ಟೋಲರ ಮೊದಲ ಗ್ರಂಥದ ರೀತಿಯನ್ನು ಹಿಡಿಯೋಣ, ಎರಡನೆಯದರದನ್ನು ಬಿಡೋಣ. ಯಂತ್ರ ಜಗತ್ತನ್ನು ಉದ್ಧರಿಸುವುದೋ ಕೆಡಿಸುವುದೋ ಎಂಬ ಭವಿಷ್ಯ ನಮಗೆ ಬೇಡ. ಪ್ರತಿ ಶಾಲೆಯಲ್ಲಿಯೂ ಒಂದು ನೋಟ್ ಪುಸ್ತಕವಿರಲಿ: ಯಂತ್ರವನ್ನು ಯಾರು, ಎಂದು, ಏತಕ್ಕೆ ಬಳಸಿದರು, ಮಕ್ಕಳು ಅದರಿಂದ ಏನು ಕಲಿತರು, ಏನು ಕಲಿಯಲಿಲ್ಲ. ಪಾಸ್‌ವರ್ಡುಗಳನ್ನು ಬದಲಿಸಿ ಚೀಟಿಗಳನ್ನು ಕಿತ್ತೆಸೆಯೋಣ; ನನ್ನದನ್ನು ಕಿತ್ತಿದ್ದೇನೆ. ಹಣದ ಮತ್ತು ಫೋನಿನ ಎಚ್ಚರಿಕೆಗಳನ್ನು ಕನ್ನಡದಲ್ಲಿ ಬರೆದು ಪೋಷಕರ ಸಭೆಯಲ್ಲಿ ಓದಿ ಹೇಳೋಣ. ಹುದ್ದೆ ತುಂಬಬೇಕೆಂದು ಬೇಡಿಕೆ ಸಲ್ಲಿಸುವಾಗಲೂ ಆ ನೋಟ್ ಪುಸ್ತಕದ ಪುಟಗಳು ನಮ್ಮ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. 75 ಸೆಂಟುಗಳ ಲೆಕ್ಕವನ್ನು ಬಿಡದೆ ಹಿಡಿದವನು ಖಂಡಾಂತರದ ಕಳ್ಳನನ್ನು ಕಂಡುಹಿಡಿದನಷ್ಟೆ. ನಮ್ಮ ಲೆಕ್ಕದಲ್ಲಿ ಎಲ್ಲಿ ಎಷ್ಟು ಕಡಮೆಯಾಗಿದೆಯೆಂದು ನಾವೂ ನೋಡತಕ್ಕದ್ದು.