ದೂರದರ್ಶನ ವಾರ್ತೆಯೂ ನ್ಯಾಸಾಪಹಾರವೂ

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದೆಂಬುದು ಶ್ರಾವಕರಿಗೆ ತಿಳಿದ ವಿಷಯ. ಒಬ್ಬನು ನೂರು ಹೊನ್ನನ್ನು ಇನ್ನೊಬ್ಬನ ಬಳಿ ಇಟ್ಟು, ಕಾಲಾಂತರದಲ್ಲಿ ಮೊತ್ತವನ್ನು ಮರೆತು, ಎಂಬತ್ತನ್ನು ಕೇಳುತ್ತಾನೆ. ಇಟ್ಟುಕೊಂಡವನು ‘ಹೌದು, ಅಷ್ಟೇ’ ಎಂದು ಎಂಬತ್ತನ್ನು ಎಣಿಸಿ ಕೊಡುತ್ತಾನೆ. ಕೇಳಿದ್ದನ್ನು ಕೊಟ್ಟಿದ್ದಾನೆ, ಯಾವುದನ್ನೂ ಕಸಿದುಕೊಂಡಿಲ್ಲ. ಆದರೂ ಇದು ದೋಷವೇ. ಅಷ್ಟೇ ಅಲ್ಲ, ತತ್ತ್ವಾರ್ಥಸೂತ್ರವು ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಸೇರಿಸದೆ ಸತ್ಯದ ಅತಿಚಾರಗಳಲ್ಲಿ ಸೇರಿಸಿದೆ. ಎದುರಿಗಿರುವವನು ಅರಿಯದಿರುವುದನ್ನು ಅರಿತೂ ಸುಮ್ಮನಿದ್ದು ಲಾಭ ಪಡೆಯುವುದು ಅಸತ್ಯದ ಒಂದು ರೂಪವೆಂದು ಇದರಿಂದ ಸಿದ್ಧವಾಗುತ್ತದೆ. ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ಅಲ್ಲಿನ ದೂರದರ್ಶನ ವಾಹಿನಿಗಳು ವರದಿ ಮಾಡುವ ಕ್ರಮವನ್ನು ವಿಮರ್ಶಿಸಲು ಇದಕ್ಕಿಂತ ತಕ್ಕ ಒರೆಗಲ್ಲು ದೊರೆಯುವುದು ಕಷ್ಟ.

ಆ ದೇಶದಲ್ಲಿ ಪಕ್ಷದ ಅಭ್ಯರ್ಥಿಯನ್ನು ನಾಯಕರು ಕೂಡಿ ನೇಮಿಸುವುದಿಲ್ಲ. ರಾಜ್ಯ ರಾಜ್ಯಗಳಲ್ಲಿ ಮತದಾರರೇ ಪ್ರಾಥಮಿಕ ಚುನಾವಣೆಯ ಮೂಲಕ ಆರಿಸುತ್ತಾರೆ. ಮೊದಲ ಮತ ಬೀಳುವುದಕ್ಕೆ ಸುಮಾರು ಒಂದು ವರ್ಷ ಮುಂಚಿನಿಂದಲೇ ಸ್ಪರ್ಧೆ ನಡೆದಿರುತ್ತದೆ. ಅಷ್ಟು ಕಾಲವೂ ಬಹುಪಾಲು ಜನರಿಗೆ ಅಭ್ಯರ್ಥಿಗಳ ಪರಿಚಯವಾಗುವುದು ವಾರ್ತೆಯಿಂದ. ವಾರ್ತೆಯಲ್ಲಿ ಕಾಣದವನು ಕಣದಲ್ಲೇ ಇಲ್ಲವೆಂದು ಜನ ತಿಳಿದರೆ ಆಶ್ಚರ್ಯವಿಲ್ಲ.

2015ರಲ್ಲಿ ಎ.ಬಿ.ಸಿ., ಸಿ.ಬಿ.ಎಸ್., ಎನ್.ಬಿ.ಸಿ. ಎಂಬ ಮೂರು ಹಳೆಯ ವಾಹಿನಿಗಳ ಸಂಜೆಯ ವಾರ್ತೆಗಳನ್ನು ಆಂಡ್ರ್ಯೂ ಟಿಂಡಾಲ್ ಎಂಬವರು ನಿಮಿಷ ನಿಮಿಷವಾಗಿ ಎಣಿಸಿದರು. ವರ್ಷವಿಡೀ ಡೊನಾಲ್ಡ್ ಟ್ರಂಪರಿಗೆ 327 ನಿಮಿಷ, ಹಿಲರಿ ಕ್ಲಿಂಟನ್ನರಿಗೆ 121 ನಿಮಿಷ, ಬರ್ನಿ ಸ್ಯಾಂಡರ್ಸರಿಗೆ 20 ನಿಮಿಷ ದೊರೆತಿತ್ತು. ಈ ಸ್ಯಾಂಡರ್ಸರು ಹೆಸರಿಗೆ ಮಾತ್ರ ನಿಂತವರಲ್ಲ. ಮರುವರ್ಷ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಗೆದ್ದವರು. 2016ರ ಮಾರ್ಚ್ 15ರ ರಾತ್ರಿ ಅವರು ಫೀನಿಕ್ಸ್ ನಗರದಲ್ಲಿ ಭಾಷಣ ಮಾಡುತ್ತಿದ್ದಾಗ ಕೇಬಲ್ ವಾರ್ತಾವಾಹಿನಿಗಳು ತೋರಿಸುತ್ತಿದ್ದುದು ಟ್ರಂಪರು ಇನ್ನೂ ಬಂದಿರದ ಬರಿಯ ವೇದಿಕೆಯನ್ನು.

ಟ್ರಂಪರ ಮೇಲೆ ಬಂದ ವಾರ್ತೆಯೆಲ್ಲ ಹೊಗಳಿಕೆಯಾಗಿರಲಿಲ್ಲ ಎಂಬ ಮಾತು ನಿಜ. ಹದಿನೇಳು ಮಂದಿ ಸ್ಪರ್ಧಿಸಿರುವಾಗ ಎಲ್ಲರಿಗೂ ಸಮನಾಗಿ ಕಾಲವನ್ನು ಹಂಚಲಾಗದು, ಮುಂದಿರುವವನಿಗೆ ಹೆಚ್ಚು ಸಲ್ಲುವುದು ಸಹಜ ಎಂಬ ಸಂಪಾದಕರ ವಾದವನ್ನೂ ತಳ್ಳಿಹಾಕುವಂತಿಲ್ಲ. ಅನೇಕಾಂತವೆಂದರೆ ಎಲ್ಲಕ್ಕೂ ಸಮಪಾಲು ಎಂದು ನಮ್ಮ ವೇದಿಕೆಗಳಲ್ಲಿ ಆಗಾಗ ಕೇಳಿಬರುವ ವಿವರಣೆ ಸರಿಯಲ್ಲ. ವಸ್ತುವಿನ ಒಂದು ಧರ್ಮವನ್ನು ಮುಖ್ಯಮಾಡಿ ಹೇಳುವುದು ಅರ್ಪಿತ, ಹಿಂದಿರಿಸಿದ್ದು ಅನರ್ಪಿತ. ಹೀಗೆ ಮುಖ್ಯ-ಗೌಣ ಮಾಡದೆ ಮಾತೇ ಸಾಗದು. ಗೌಣವಾದುದನ್ನು ಇಲ್ಲವೆಂದಾಗ ಮಾತ್ರ ನಯವು ದುರ್ನಯವಾಗುತ್ತದೆ.

ಈ ಗೆರೆಯನ್ನು ವಾಹಿನಿಗಳು ದಾಟಿದ್ದಕ್ಕೆ 2011ರ ಆಗಸ್ಟ್ 13ರ ಪ್ರಸಂಗವೇ ಸಾಕ್ಷಿ. ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ರಿಪಬ್ಲಿಕನ್ ಪಕ್ಷದವರು ನಡೆಸಿದ ಅಣಕು ಮತದಾನದಲ್ಲಿ ಮಿಷೆಲ್ ಬಾಕ್‌ಮನ್‌ರಿಗೆ 4,823 ಮತಗಳು ಬಂದವು, ರಾನ್ ಪಾಲರಿಗೆ 4,671. ಅಂತರ ಕೇವಲ 152. ಮರುದಿನ ಬಾಕ್‌ಮನ್ನರು ಐದು ವಾಹಿನಿಗಳ ಭಾನುವಾರದ ಸಂದರ್ಶನಗಳಲ್ಲಿ ಕಾಣಿಸಿಕೊಂಡರು. ಬಹಳ ಹಿಂದೆ ಮೂರನೆಯವರಾಗಿ ಉಳಿದ ಟಿಮ್ ಪಾಲೆಂಟಿಯವರು ಕಣದಿಂದ ಹಿಂದೆ ಸರಿದದ್ದೂ ದೊಡ್ಡ ವಾರ್ತೆಯಾಯಿತು. ಎರಡನೆಯವರ ಹೆಸರನ್ನು ಮಾತ್ರ ಅನೇಕ ವಿಶ್ಲೇಷಕರು ದಾಟಿ ಹೋದರು. ಜಾನ್ ಸ್ಟೀವರ್ಟ್ ಎಂಬ ಹಾಸ್ಯಗಾರರು ಇದನ್ನು ತಮ್ಮ ಕಾರ್ಯಕ್ರಮದಲ್ಲಿ ಎತ್ತಿ ತೋರಿಸಬೇಕಾಯಿತು. ಆ ಮತದಾನಕ್ಕೆ ಬೆಲೆಯಿಲ್ಲವೆಂದಿದ್ದರೆ ಮೊದಲನೆಯವರಿಗೂ ಬೆಲೆಯಿರಬಾರದು. ಬೆಲೆಯಿದೆಯೆಂದರೆ ಎರಡನೆಯವರಿಗೂ ಇರಬೇಕು. ಕೊಳ್ಳುವಾಗ ಒಂದು ಬಟ್ಟು, ಮಾರುವಾಗ ಇನ್ನೊಂದು ಬಟ್ಟು ಇಟ್ಟ ಅಂಗಡಿಯ ಲೆಕ್ಕವಿದು. ನಮ್ಮ ಆಚಾರ್ಯರು ಇದನ್ನು ಹೀನಾಧಿಕಮಾನೋನ್ಮಾನವೆಂದು ಹೆಸರಿಸಿದ್ದಾರೆ.

ಇಲ್ಲಿ ಲಾಭದ ಮಾತು ಬರುತ್ತದೆ. ಸಿ.ಬಿ.ಎಸ್. ಸಂಸ್ಥೆಯ ಅಂದಿನ ಮುಖ್ಯಸ್ಥ ಲೆಸ್ ಮೂನ್ವೆಸ್ ಅವರು 2016ರ ಫೆಬ್ರವರಿಯಲ್ಲಿ ಹೂಡಿಕೆದಾರರ ಸಭೆಯೊಂದರಲ್ಲಿ, ಈ ಚುನಾವಣೆಯ ಅಬ್ಬರ ದೇಶಕ್ಕೆ ಒಳ್ಳೆಯದಲ್ಲದಿರಬಹುದು, ತಮ್ಮ ಸಂಸ್ಥೆಗಂತೂ ಬಲು ಒಳ್ಳೆಯದು ಎಂಬ ಅರ್ಥದ ಮಾತನ್ನಾಡಿದರು. ವ್ಯಾಪಾರದಲ್ಲಿ ಲಾಭ ನಿಂದ್ಯವಲ್ಲ. ಆದರೆ ಆ ಹಳೆಯ ವಾಹಿನಿಗಳು ಬಳಸುವ ಪ್ರಸಾರದ ಅಲೆಗಳು ಸಂಸ್ಥೆಯ ಸ್ವಂತ ಸ್ವತ್ತಲ್ಲ. ಸಾರ್ವಜನಿಕ ಹಿತಕ್ಕಾಗಿ ಪರವಾನಗಿಯ ಮೇಲೆ ಪಡೆದದ್ದು, ಅಂದರೆ ನ್ಯಾಸ. (ಬಸದಿಯ ಸ್ವತ್ತನ್ನು ನೋಡಿಕೊಳ್ಳುವ ಟ್ರಸ್ಟಿಗಳಿಗೆ ಈ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ.) ಕೇಬಲ್ ವಾಹಿನಿಗಳಿಗೆ ಈ ಹೋಲಿಕೆ ಅಷ್ಟು ಬಿಗಿಯಾಗಿ ಒಪ್ಪದು, ಅವು ಅಲೆಗಳನ್ನು ಬಳಸುವುದಿಲ್ಲ. ನೋಡುಗನ ನಂಬಿಕೆಯನ್ನು ಮಾತ್ರ ಅವೂ ಇಟ್ಟುಕೊಂಡಿವೆ. ತನಗೆ ತೋರಿಸದೆ ಉಳಿಸಿದ್ದು ಎಷ್ಟೆಂದು ಆ ನೋಡುಗನಿಗೆ ತಿಳಿಯದು. ಮೊತ್ತ ಮರೆತವನಂತೆ ಕೊಟ್ಟಷ್ಟನ್ನೇ ಪೂರ್ಣವೆಂದು ಸ್ವೀಕರಿಸುತ್ತಾನೆ.

ಕಾನೂನು ಇದನ್ನು ಕಾಣಲಿಲ್ಲವೆಂದಲ್ಲ. 1934ರ ಸಂಪರ್ಕ ಕಾಯಿದೆಯು ಒಬ್ಬ ಅಭ್ಯರ್ಥಿಗೆ ಪ್ರಸಾರದ ಅವಕಾಶ ಕೊಟ್ಟರೆ ಇತರರಿಗೂ ಸಮಾನ ಅವಕಾಶ ಕೊಡಬೇಕೆಂದು ವಿಧಿಸಿತ್ತು. 1959ರಲ್ಲಿ ಷಿಕಾಗೋ ನಗರದ ಲಾರ್ ಡೇಲಿ ಎಂಬ ಅಭ್ಯರ್ಥಿ ವಾರ್ತೆಯಲ್ಲಿಯೂ ಸಮಾನ ಕಾಲವನ್ನು ಕೇಳಿದಾಗ ಪ್ರಸಾರ ಆಯೋಗವು ಅದನ್ನು ಎತ್ತಿಹಿಡಿಯಿತು. ವಾಹಿನಿಗಳು ಗಾಬರಿಗೊಂಡವು; ಅದೇ ವರ್ಷ ಸಂಸತ್ತು ಕಾಯಿದೆಯನ್ನು ತಿದ್ದಿ ವಾರ್ತೆಗೆ ವಿನಾಯಿತಿ ನೀಡಿತು. ಪ್ರತಿ ಸ್ಪರ್ಧಿಗೂ ನಿಮಿಷ ಅಳೆದು ಕೊಡುವುದಾದರೆ ವಾರ್ತೆ ನಡೆಯುವಂತಿರಲಿಲ್ಲವಾದ್ದರಿಂದ ತಿದ್ದುಪಡಿಗೆ ಕಾರಣವಿತ್ತು. ಆದರೆ ಅಂದಿನಿಂದ ತೂಕದ ಭಾರವೆಲ್ಲ ಸಂಪಾದಕನ ಆತ್ಮಸಾಕ್ಷಿಯ ಮೇಲೆ ಬಿದ್ದಿದೆ.

ಅಳತೆಯನ್ನು ಬಹಿರಂಗವಾಗಿ ಸಾರಿದರೆ ಸಾಕೇ ಎಂಬ ಪ್ರಶ್ನೆಯೂ ಏಳುತ್ತದೆ. 2015ರ ಆಗಸ್ಟ್ 6ರಂದು ಫಾಕ್ಸ್ ವಾಹಿನಿಯು ಕ್ಲೀವ್‌ಲ್ಯಾಂಡಿನ ಚರ್ಚೆಗೆ ಜನಮತ ಸಮೀಕ್ಷೆಯಲ್ಲಿ ಮುಂದಿದ್ದ ಹತ್ತು ಮಂದಿಯನ್ನು ಕರೆದು, ಉಳಿದ ಏಳು ಮಂದಿಯನ್ನು ಸಂಜೆ ಐದಕ್ಕೆ ಬಹುತೇಕ ಖಾಲಿಯಾದ ಸಭಾಂಗಣದಲ್ಲಿ ಕೂಡಿಸಿತು. ನಿಯಮವು ಮೊದಲೇ ಎಲ್ಲರಿಗೂ ಗೊತ್ತಿತ್ತು. ಆದರೆ ಸಮೀಕ್ಷೆಯಲ್ಲಿ ಹೆಸರು ಮೇಲೇರುವುದು ವಾರ್ತೆಯಲ್ಲಿ ಮುಖ ಕಂಡಾಗ; ವಾರ್ತೆಯಲ್ಲಿ ಮುಖ ಕಾಣುವುದು ಸಮೀಕ್ಷೆಯಲ್ಲಿ ಹೆಸರು ಮೇಲಿದ್ದಾಗ. ಆ ಏಳು ಮಂದಿಯಲ್ಲಿ ಒಬ್ಬರಾದ ಕಾರ್ಲಿ ಫಿಯೋರಿನಾ ಅವರ ಮಾತು ಅಂದು ಜನರ ಗಮನ ಸೆಳೆಯಿತು. ಕೆಲವೇ ದಿನಗಳಲ್ಲಿ ಸಮೀಕ್ಷೆಗಳಲ್ಲಿ ಅವರ ಸ್ಥಾನ ಏರಿತು. ಸಿ.ಎನ್.ಎನ್. ವಾಹಿನಿಯು ತಾನು ಮೊದಲು ಪ್ರಕಟಿಸಿದ್ದ ಅಳತೆಯನ್ನು ಬದಲಿಸಿ, ಸೆಪ್ಟೆಂಬರ್ 16ರ ತನ್ನ ಮುಖ್ಯ ಚರ್ಚೆಯಲ್ಲಿ ಅವರಿಗೆ ಸ್ಥಳ ಮಾಡಿಕೊಟ್ಟಿತು.