‘ಜೋಡಿಪದರ’ವೆಂಬ ರೂಪಕ: ಒಂದು ವಿಮರ್ಶೆ

ಅಲಂಕಾರಗಳು ಕಾವ್ಯಕ್ಕೆ ಸಲ್ಲುವುವೇ ಹೊರತು ಶಾಸ್ತ್ರಕ್ಕೆ ಸಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿ ಬಹುಮಂದಿಗೆ ಉಂಟು. ಶಾಸ್ತ್ರವು ಇದ್ದುದನ್ನು ಇದ್ದಂತೆ ಹೇಳುವುದು, ಕಾವ್ಯವು ಒಂದನ್ನು ಮತ್ತೊಂದರಂತೆ ಕಾಣಿಸುವುದು ಎಂಬ ವಿಭಾಗವು ಕೇಳಲು ಸೊಗಸಾಗಿದೆ. ಶಾಸ್ತ್ರಗ್ರಂಥಗಳನ್ನು ತೆರೆದು ನೋಡಿದವರಿಗೆ ಮಾತ್ರ ಅದು ನಿಲ್ಲುವಂತೆ ತೋರದು. ಕಣ್ಣಿಗೆ ಕಾಣದ ವಸ್ತುವನ್ನು ಕುರಿತು ಮಾತನಾಡಹೊರಟ ಶಾಸ್ತ್ರಜ್ಞನು, ಕಂಡ ವಸ್ತುವೊಂದರ ಹೆಸರನ್ನು ಎರವಲು ತಾರದೆ ಒಂದು ಹೆಜ್ಜೆಯನ್ನೂ ಇಡಲಾರನು. ಹಾಗೆ ತಂದ ಹೆಸರು ರೂಪಕವೇ ಸರಿ. ರೂಪಕವಾದ ಮೇಲೆ ಅದನ್ನು ಔಚಿತ್ಯದ ಒರೆಗಲ್ಲಿಗೆ ತಿಕ್ಕಿ ನೋಡುವುದು ವಿಮರ್ಶೆಯ ಕರ್ತವ್ಯವಾಗುತ್ತದೆ. ವಿದ್ಯುದ್ರಸಾಯನದಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬಳಕೆಯಲ್ಲಿರುವ ‘ಜೋಡಿಪದರ’ ಎಂಬ ಮಾತು ಇಂಥ ಪರೀಕ್ಷೆಗೆ ತಕ್ಕ ಉದಾಹರಣೆ.

ಮೊದಲು ವಿಷಯವನ್ನು ತಿಳಿಯಬೇಕು. ಅಡುಗೆಯ ಉಪ್ಪು ನೀರಿನಲ್ಲಿ ಕರಗಿದಾಗ ಧನಾವೇಶವುಳ್ಳ ಸೋಡಿಯಂ ಕಣಗಳೂ ಋಣಾವೇಶವುಳ್ಳ ಕ್ಲೋರೈಡು ಕಣಗಳೂ ಬೇರೆ ಬೇರೆಯಾಗಿ ಸಂಚರಿಸುತ್ತವೆ. ಇವಕ್ಕೆ ಅಯಾನುಗಳೆಂದು ಹೆಸರು. ಹ್ಯೂವೆಲ್ ಪಂಡಿತನ ಸಲಹೆಯಂತೆ ಫ್ಯಾರಡೆಯು ೧೮೩೪ರಲ್ಲಿ ಬಳಕೆಗೆ ತಂದ ಈ ಗ್ರೀಕ್ ಶಬ್ದಕ್ಕೆ ‘ಹೋಗುವುದು’ ಎಂದರ್ಥ. ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ ‘ಅಯನ’ಕ್ಕೂ ಇದಕ್ಕೂ ಧಾತು ಒಂದೇ ಆಗಿರುವುದರಿಂದ ಕನ್ನಡದ ಕಿವಿಗೆ ಇದು ಪರಕೀಯವಾಗಿ ಕೇಳಿಸದು. ವಿದ್ಯುತ್ತು ಹರಿಯುವಾಗ ಮಾತ್ರ ಅಯಾನುಗಳು ಹುಟ್ಟುವುವೆಂದು ಫ್ಯಾರಡೆಯು ಎಣಿಸಿದ್ದನು. ಕರಗಿದ ಮಾತ್ರದಿಂದಲೇ ಅವು ಬೇರ್ಪಟ್ಟಿರುತ್ತವೆಂದು ೧೮೮೭ರಲ್ಲಿ ಅರ್ಹೇನಿಯಸನು ಪ್ರತಿಪಾದಿಸಿದನು. ಅಭಿಪ್ರಾಯ ಬದಲಾಯಿತು, ಹೆಸರು ಉಳಿಯಿತು.

ಈ ದ್ರಾವಣದೊಳಗೆ ಆವೇಶವುಳ್ಳ ಗೋಡೆಯೊಂದನ್ನು ಇಟ್ಟರೆ ಏನಾದೀತು? ಗೋಡೆ ಋಣವಾಗಿದ್ದರೆ ಧನ ಅಯಾನುಗಳು ಅದರ ಬಳಿಗೆ ಸೇರುವುವು, ಋಣ ಅಯಾನುಗಳು ದೂರ ಸರಿಯುವುವು. ಹೆಲ್ಮ್‌ಹೋಲ್ಟ್ಸನು ೧೮೫೩ರಲ್ಲಿ ಸೂಚಿಸಿ ೧೮೭೯ರಲ್ಲಿ ವಿಸ್ತರಿಸಿದ ಚಿತ್ರದಂತೆ, ಗೋಡೆಯಲ್ಲಿ ಆವೇಶದ ಒಂದು ಪದರ, ಅದರೆದುರಿಗೆ ನೀರಿನಲ್ಲಿ ವಿರುದ್ಧಾವೇಶದ ಇನ್ನೊಂದು ಪದರ, ಹೀಗೆ ಎರಡು ಹಾಳೆಗಳು ಎದುರುಬದುರಾಗಿ ನಿಂತಿರುತ್ತವೆ. ಇದೇ ಜೋಡಿಪದರ.

ರೂಪಕದ ಸಾಧಾರಣಧರ್ಮವನ್ನು ಇಲ್ಲಿ ವಿಚಾರಿಸಬೇಕು. ಪದರವೆಂದರೆ ತೆಳುವಾದುದು, ಒಂದರ ಮೇಲೊಂದು ಕೂಡುವುದು. ಈ ಎರಡು ಧರ್ಮಗಳು ಉಪಮೇಯದಲ್ಲಿ ಉಂಟು. ಎದುರೆದುರಿನ ಆವೇಶಗಳು ಸರಿಸಮವೆಂಬುದನ್ನೂ ‘ಜೋಡಿ’ ಎಂಬ ಮಾತು ಚೆನ್ನಾಗಿ ಸೂಚಿಸುತ್ತದೆ. ಆದರೆ ಪದರಕ್ಕೆ ಮತ್ತೂ ಮೂರು ಧರ್ಮಗಳಿವೆ: ಅದು ಅಲುಗದು, ಅದಕ್ಕೆ ಅಂಚುಂಟು, ಅದರ ದಪ್ಪ ನಿಯತ. ಇವು ಮೂರೂ ಕರೆಯದೆ ಬಂದ ಅತಿಥಿಗಳು. ಹೆಸರಿನ ಬೆನ್ನು ಹಿಡಿದು ಒಳನುಗ್ಗಿ ಓದುವವನ ಮನಸ್ಸಿನಲ್ಲಿ ಠಾವು ಮಾಡಿಕೊಳ್ಳುತ್ತವೆ.

ಈ ದೋಷವನ್ನು ಮೊದಲು ಕಂಡವರು ಫ್ರಾನ್ಸಿನ ಗೂಯಿ (೧೯೧೦) ಮತ್ತು ಇಂಗ್ಲೆಂಡಿನ ಚಾಪ್‌ಮನ್ (೧೯೧೩). ನೀರಿನಲ್ಲಿ ಶಾಖವಿದೆ, ಶಾಖವಿರುವಲ್ಲಿ ಯಾವ ಕಣವೂ ಸುಮ್ಮನಿರದು. ಗೋಡೆಯ ಸೆಳೆತವು ಒಂದು ಕಡೆಗೆ, ಶಾಖದ ಚದುರಿಕೆಯು ಇನ್ನೊಂದು ಕಡೆಗೆ ಎಳೆಯಲು, ಅಯಾನುಗಳು ಜಾತ್ರೆಯ ದಿನ ತೇರಿನ ಸುತ್ತ ನೆರೆದ ಜನದಂತೆ, ಹತ್ತಿರದಲ್ಲಿ ಕಿಕ್ಕಿರಿದೂ ದೂರ ಹೋದಂತೆ ವಿರಳವಾಗಿಯೂ ಇರುತ್ತವೆ. ಹಾಳೆಯ ಬದಲು ಮೋಡ ಬಂದಿತು. ಮೋಡದ ಹರವನ್ನು ಲೆಕ್ಕ ಹಾಕುವ ಅಳತೆಗೆ ಇಂದು ಡಿಬೈ ದೂರವೆಂದು ಹೆಸರು. ಸಾಮಾನ್ಯ ಉಷ್ಣದಲ್ಲಿ, ಅಡುಗೆಯ ಉಪ್ಪು ಲೀಟರಿಗೆ ಒಂದು ಮೋಲಿನಷ್ಟಿದ್ದರೆ ಅದು ಸುಮಾರು ೦.೩ ನ್ಯಾನೊಮೀಟರು, ಉಪ್ಪು ಅದರ ಸಾವಿರದ ಒಂದು ಪಾಲಾದರೆ ಸುಮಾರು ೧೦ ನ್ಯಾನೊಮೀಟರು, ಶುದ್ಧಜಲದಲ್ಲಿ ಸಾವಿರ ನ್ಯಾನೊಮೀಟರಿಗೆ ಹತ್ತಿರ. ಉಪ್ಪು ಕಡಿಮೆಯಾದಂತೆ ಹಿಗ್ಗುವ ಈ ವಸ್ತುವಿಗೆ ನಿಯತವಾದ ದಪ್ಪವಿದೆಯೆಂದು ಯಾರು ಹೇಳಿಯಾರು?

ಮೋಡದ ರೂಪಕವೂ ನಿರ್ದುಷ್ಟವಲ್ಲ. ಗೂಯಿಯ ಲೆಕ್ಕದಲ್ಲಿ ಅಯಾನಿಗೆ ಆವೇಶವುಂಟು, ಮೈ ಇಲ್ಲ. ಗೋಡೆಯ ವಿಭವವು ೩೦೦ ಮಿಲಿವೋಲ್ಟು ಆದರೆ, ಲೀಟರಿಗೆ ೦.೦೦೧ ಮೋಲಿನಷ್ಟು ತೆಳುವಾದ ದ್ರಾವಣದಲ್ಲಿಯೂ ಗೋಡೆಯ ಬಳಿ ಅಯಾನುಗಳು ಲೀಟರಿಗೆ ನೂರು ಮೋಲನ್ನು ಮೀರಬೇಕೆಂದು ಆ ಲೆಕ್ಕ ಹೇಳುತ್ತದೆ. ಒಂದು ಲೀಟರು ನೀರಿನಲ್ಲಿ ನೀರೇ ಇರುವುದು ಸುಮಾರು ೫೫ ಮೋಲು! ಸೇರನ್ನು ಅಚ್ಚೇರಿನಲ್ಲಿ ತುಂಬಿದಂತೆ ಈ ಮಾತು. ೧೯೨೪ರಲ್ಲಿ ಸ್ಟರ್ನನು ಅಯಾನಿಗೆ ಮೈ ಕೊಟ್ಟು, ಗೋಡೆಗೆ ಅಂಟಿದ ಒಂದು ಬಿಗಿಯಾದ ಸಾಲನ್ನೂ ಅದರಾಚೆಗೆ ಮೋಡವನ್ನೂ ಕಲ್ಪಿಸಿದನು. ೧೯೪೭ರಲ್ಲಿ ಗ್ರಹಾಮನು ಆ ಬಿಗಿಯಾದ ಭಾಗದಲ್ಲಿಯೇ ಎರಡು ಬಗೆಗಳನ್ನು ಎಣಿಸಿದನು: ಗೋಡೆಯನ್ನು ಮುಟ್ಟಿದ ಅಯಾನುಗಳು, ನೀರಿನ ಹೊದಿಕೆಯಿಂದಾಗಿ ಮುಟ್ಟಲಾರದೆ ನಿಂತ ಅಯಾನುಗಳು. ಹೀಗೆ ಒಳಗಿನ ವಿಭಾಗಗಳು ಹೆಚ್ಚುತ್ತ ಹೋದರೂ ಹೆಸರು ಮಾತ್ರ ಜೋಡಿಯಾಗಿಯೇ ಉಳಿದುಕೊಂಡಿತು.

ರೂಪಕದ ನಿಜವಾದ ಅಗ್ನಿಪರೀಕ್ಷೆ ನ್ಯಾನೊರಂಧ್ರಗಳಲ್ಲಿ. ಎರಡು ಗೋಡೆಗಳ ನಡುವಣ ಎಡೆಯು ಡಿಬೈ ದೂರಕ್ಕಿಂತ ಕಿರಿದಾದಾಗ, ಈಚೆಯ ಗೋಡೆಯ ಮೋಡವೂ ಆಚೆಯ ಗೋಡೆಯ ಮೋಡವೂ ಬೆರೆತುಹೋಗುತ್ತವೆ. ರಂಧ್ರದೊಳಗೆ ಬಹುಮಟ್ಟಿಗೆ ವಿರುದ್ಧಾವೇಶದ ಅಯಾನುಗಳೇ ತುಂಬಿರುತ್ತವೆ. ಅವೆಷ್ಟೆಂಬುದನ್ನು ಗೋಡೆಯ ಆವೇಶವು ಗೊತ್ತುಮಾಡುತ್ತದೆ, ಹೊರಗಿನ ಉಪ್ಪಲ್ಲ. ೨೦೦೪ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ ಸ್ಟೈನ್, ಕ್ರೌಟ್‌ಹೋಫ್, ಡೆಕ್ಕರ್ ಎಂಬುವರು ಸಿಲಿಕದ ಸೂಕ್ಷ್ಮನಾಲೆಗಳಲ್ಲಿ ಇದನ್ನು ಅಳೆದು ತೋರಿಸಿದರು: ಉಪ್ಪನ್ನು ಎಷ್ಟು ತೆಳುವಾಗಿಸಿದರೂ ಒಂದು ಮಟ್ಟದ ಕೆಳಗೆ ನಾಲೆಯ ವಿದ್ಯುದ್ವಾಹಕತೆ ಇಳಿಯದು. ಇಲ್ಲಿ ಪದರ ಯಾವುದು, ಪದರದ ಹೊರಗು ಯಾವುದು? ಹೊರಗೆಂಬುದೇ ಇಲ್ಲದ ಮೇಲೆ ಪದರವೆಂಬ ಮಾತಿಗೆ ಅರ್ಥವಿಲ್ಲ.

“ಹೆಸರು ರೂಢಿಯಿಂದ ಬಂದುದು, ಬಲ್ಲವರು ಅದರಿಂದ ಮೋಸಹೋಗರು” ಎಂದು ಕೆಲವರು ವಾದಿಸಬಹುದು. ಇದಕ್ಕೆ ಇತಿಹಾಸವೇ ಉತ್ತರ ಹೇಳುತ್ತದೆ. ರಂಧ್ರಮಯವಾದ ಇಂಗಾಲದಲ್ಲಿ ವಿದ್ಯುತ್ತನ್ನು ಕೂಡಿಡುವ ಧಾರಕಗಳಲ್ಲಿ, ಹೊದಿಕೆಯೊಡಗೂಡಿದ ಅಯಾನಿಗಿಂತ ಕಿರಿದಾದ ರಂಧ್ರದಿಂದ ಪ್ರಯೋಜನವಿಲ್ಲವೆಂಬ ಎಣಿಕೆ ಪ್ರಚಲಿತವಾಗಿದ್ದಿತು. ಪದರ ಹಾಸಲು ಅಲ್ಲಿ ಎಡೆಯೆಲ್ಲಿ? ೨೦೦೬ರಲ್ಲಿ ಗೊಗೋಟ್ಸಿ, ಸಿಮೋನ್ ಮತ್ತು ಅವರ ಸಹೋದ್ಯೋಗಿಗಳು ಅಳೆದಾಗ, ಒಂದು ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ ಧಾರಣಶಕ್ತಿ ಕುಗ್ಗುವ ಬದಲು ಏರಿತು. ದೇವಾಲಯದ ಒಳಗೆ ಹೋಗುವವನು ಅಂಗಿಯನ್ನು ಕಳಚಿಡುವಂತೆ, ಅಯಾನುಗಳು ದ್ರಾವಕದ ಹೊದಿಕೆಯನ್ನು ಸ್ವಲ್ಪಮಟ್ಟಿಗೆ ಕಳಚಿ ಒಳಹೊಕ್ಕಿದ್ದುವು. ರೂಢಿಯ ಚಿತ್ರವು ಬಲ್ಲವರ ದೃಷ್ಟಿಯನ್ನೂ ಕಟ್ಟಿಹಾಕಬಲ್ಲುದು.

ಜೀವಕೋಶದ ಪೊರೆಯಲ್ಲಿಯೂ ಇದೇ ಪಾಠ ಕಾಣುತ್ತದೆ. ಅಲ್ಲಿಯ ಪೊಟಾಸಿಯಂ ದ್ವಾರವು ೦.೧೩೩ ನ್ಯಾನೊಮೀಟರು ತ್ರಿಜ್ಯದ ಪೊಟಾಸಿಯಮ್ಮನ್ನು ಒಳಬಿಟ್ಟು, ೦.೦೯೫ ನ್ಯಾನೊಮೀಟರಿನ ಸೋಡಿಯಮ್ಮನ್ನು ತಡೆಯುತ್ತದೆ. ದೊಡ್ಡದಕ್ಕೆ ದಾರಿ, ಚಿಕ್ಕದಕ್ಕೆ ತಡೆ! ೧೯೯೮ರಲ್ಲಿ ಈ ದ್ವಾರದ ರಚನೆಯನ್ನು ಕಂಡುಹಿಡಿದು ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮ್ಯಾಕಿನನ್ ಕೊಟ್ಟ ವಿವರಣೆಯಂತೆ, ಕಳಚಿಟ್ಟ ನೀರಿನ ಹೊದಿಕೆಗೆ ಬದಲಾಗಿ ದ್ವಾರದ ಆಮ್ಲಜನಕ ಪರಮಾಣುಗಳು ಪೊಟಾಸಿಯಮ್ಮನ್ನು ಸರಿಯಾಗಿ ಅಪ್ಪುತ್ತವೆ. ಸೋಡಿಯಮ್ಮಿಗೆ ಆ ಅಪ್ಪುಗೆ ಸಡಿಲ. ಹಾಳೆಯಾಗಲಿ ಮೋಡವಾಗಲಿ ಈ ವಿವೇಚನೆಯನ್ನು ಹೇಳಲಾರದು.

ಹಾಗೆಂದು ಹಳೆಯ ಚಿತ್ರಗಳನ್ನು ತಿಪ್ಪೆಗೆ ಎಸೆಯಬೇಕೆಂದು ತಾತ್ಪರ್ಯವಲ್ಲ. ವಿಜಯಪುರ, ರಾಯಚೂರು ಸೀಮೆಯ ಎರೆಭೂಮಿಯ ಜೇಡಿಕಣಗಳು ಋಣಾವೇಶವುಳ್ಳವು. ಸೋಡಿಯಂ ಹೆಚ್ಚಿದ ಭೂಮಿಯಲ್ಲಿ ಕಣಗಳ ಸುತ್ತಣ ಮೋಡ ಹರಡಿಕೊಂಡು, ಕಣಗಳು ಒಂದನ್ನೊಂದು ದೂಡಿ, ಮಣ್ಣು ಕದಡಿ ನೀರಿಳಿಯದಂತಾಗುತ್ತದೆ. ಜಿಪ್ಸಂ ಹಾಕಿದರೆ ಎರಡಾವೇಶದ ಕ್ಯಾಲ್ಸಿಯಂ ಬಂದು ಮೋಡವನ್ನು ಬಿಗಿಹಿಡಿಯುತ್ತದೆ. ಕಣಗಳು ಕೂಡಿಕೊಳ್ಳುತ್ತವೆ, ನೆಲ ಉಸಿರಾಡುತ್ತದೆ. ಆವೇಶ ಹೆಚ್ಚಿದಷ್ಟೂ ಗರಣೆಗಟ್ಟಿಸುವ ಶಕ್ತಿ ಹೆಚ್ಚೆಂದು ಶುಲ್ಟ್ಸೆ (೧೮೮೨), ಹಾರ್ಡಿ (೧೯೦೦) ಕಂಡುಕೊಂಡ ನಿಯಮವೂ ಇದೇ. ರೈತನ ಹೊಲವನ್ನು ಉಳಿಸಬಲ್ಲ ರೂಪಕವನ್ನು ಹಗುರವಾಗಿ ಕಾಣಲಾಗದು.

ಆದುದರಿಂದ ಕನ್ನಡದಲ್ಲಿ ಶಾಸ್ತ್ರವನ್ನು ಬರೆಯುವವರು ವಿವೇಚನೆಯಿಂದ ನಡೆಯಬೇಕಾಗಿದೆ. ಬಯಲಿನಲ್ಲಿ ನಿಂತ ಒಂಟಿ ಗೋಡೆಗೆ ‘ಜೋಡಿಪದರ’ ಸಲ್ಲಲಿ. ಅದರ ಹರಡಿದ ಭಾಗಕ್ಕೆ, ಚಂದ್ರನ ಸುತ್ತಣ ಬೆಳಕಿನ ಬಳೆಗೆ ಹೇಳುವ ‘ಪರಿವೇಷ’ ಎಂಬ ಮಾತು ಇನ್ನೂ ಚೆನ್ನಾಗಿ ಒಪ್ಪೀತು. ರಂಧ್ರದೊಳಗೆ ಮಾತ್ರ ಇವೆರಡನ್ನೂ ಬಾಗಿಲಲ್ಲಿಯೇ ಬಿಟ್ಟು, ನಡೆಯುವುದನ್ನು ನೇರವಾಗಿ ವರ್ಣಿಸುವುದು ಲೇಸು. ಕದಡಿದ ನೀರನ್ನು ತಿಳಿಗೊಳಿಸಲು ಕತಕದ ಬೀಜವನ್ನು ತೇಯುವ ವಾಡಿಕೆ ಈ ದೇಶದಲ್ಲಿ ಬಹುಕಾಲದ್ದು. ತೇಯದೆ ಹೆಸರನ್ನಷ್ಟೇ ಉಚ್ಚರಿಸುತ್ತ ಕುಳಿತವನ ಕೊಡದಲ್ಲಿ ಬಗ್ಗಡವು ಬಗ್ಗಡವಾಗಿಯೇ ಉಳಿಯುವುದು.